ಎಂಟನೇ ಗುಂಡಿಯ ಬಂಡೆ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೇ ಹಿಡಿಸುತ್ತಿರಲಿಲ್ಲ. ಅಷ್ಟು ವರ್ಷ ಕೆಲಸ ಮಾಡಿದ ಮನುಷ್ಯ ಒಂದು ಕಾಗದದ ಮೇಲೂ ಪೂರ್ತಿ ಹೆಸರು ಬರೆದದ್ದನ್ನು ನಾನು ಕಾಣೆ. ಎರಡಕ್ಷರದ ಕಿರುಸಹಿ ಹಾಕುವುದು, ಮುಂದೊಂದು ಚುಕ್ಕೆ ಇಡುವುದು, ಪೆನ್ನಿನ ಮುಚ್ಚಳ ಟಕ್ಕೆಂದು ಹಾಕಿಕೊಳ್ಳುವುದು. ಕಚೇರಿಯಲ್ಲಿ ಎಲ್ಲರಿಗೂ ಅವರು ಅಣ್ಣ. ಅವರಿಗಿಂತ ಹದಿನೈದು ವರ್ಷ ಚಿಕ್ಕವರಾದ ನಮ್ಮ ಮ್ಯಾನೇಜರಿಗೂ ಅಣ್ಣನೇ. ಕಳೆದ ತಿಂಗಳು ಅಣ್ಣ ತೀರಿಕೊಂಡರು.

ನಮ್ಮದು ಮಣ್ಣು ಪರೀಕ್ಷೆ ಮಾಡುವ ಕಂಪನಿ. ಬೆಳೆಗೆ ಗೊಬ್ಬರ ಎಷ್ಟು ಬೇಕು ಅಂತ ನೋಡುವ ಪರೀಕ್ಷೆಯಲ್ಲ. ಪೀಣ್ಯದಲ್ಲೋ ವೈಟ್‌ಫೀಲ್ಡ್ ಕಡೆಯೋ ಒಂದು ಹಳೇ ಕಾರ್ಖಾನೆ ಮುಚ್ಚುತ್ತದೆ, ಜಾಗ ಅಪಾರ್ಟ್‌ಮೆಂಟಿಗೆ ಹೋಗುತ್ತದೆ. ಕಟ್ಟುವ ಮೊದಲು ಆ ನೆಲದೊಳಗೆ ಏನು ಇಳಿದಿದೆ ಅಂತ ಯಾರಾದರೂ ಗುಂಡಿ ತೋಡಿ, ಮಣ್ಣು ತೆಗೆದು, ಬಾಟಲಿಗೆ ತುಂಬಿ, ಲ್ಯಾಬಿಗೆ ಕಳಿಸಿ, ವರದಿ ಬರೆಯಬೇಕು. ಗುಂಡಿ ತೋಡುವವರು ಅಣ್ಣ, ವರದಿ ಬರೆಯುವವಳು ನಾನು.

ಅವರು ತೀರಿಕೊಂಡ ವಾರವೇ ನನಗೊಂದು ಇಮೇಲ್ ಬಂತು. ಏಳು ವರ್ಷದ ಹಿಂದೆ ನಾವಿಬ್ಬರೂ ಮಣ್ಣು ತೆಗೆದಿದ್ದ ಹೂಡಿಯ ಹಿಂಭಾಗದ ಒಂದು ಜಾಗ ಈಗ ಅಪಾರ್ಟ್‌ಮೆಂಟು. ಅಲ್ಲಿನ ನಿವಾಸಿಗಳ ಸಂಘದ ಕಾರ್ಯದರ್ಶಿ ಬರೆದಿದ್ದರು. ಹಿಂದಿನ ಮೂಲೆಯ ತೋಟದಲ್ಲಿ ಮಕ್ಕಳಿಗೆ ಮರಳಿನ ಅಂಕಣ, ಪಕ್ಕದಲ್ಲಿ ಅವರೇ ಸೊಪ್ಪು ಬೆಳೆಯಲು ಎರಡು ಮಡಿ ಮಾಡುತ್ತಾರಂತೆ. ಭಾನುವಾರ ಅಗೆತ. ಮೊದಲ ಗುದ್ದಲಿ ಮಕ್ಕಳದ್ದೇ. "ನಿಮ್ಮ ವರದಿಯಲ್ಲಿ ಮಣ್ಣು ಸುರಕ್ಷಿತ ಅಂತಿದೆ, ಸಹಿ ನಿಮ್ಮದೇ ಇದೆ. ಆದರೂ ಅಗೆಯುವ ಮುಂಚೆ ತೊಂದರೆಯಿಲ್ಲ ಅಂತ ಒಂದು ಸಾಲು ಬರೆದರೆ ನಮಗೆ ಸಮಾಧಾನ" ಅಂದಿದ್ದರು.

ಒಂದೇ ಒಂದು ಸಾಲು. ಐದು ದಿನವಾದರೂ ಅದನ್ನು ಬರೆಯಲು ನನ್ನ ಕೈಲಿ ಆಗಲಿಲ್ಲ. ಯಾಕೆ ಆಗಲಿಲ್ಲ ಅಂತ ಹೇಳಲಿಕ್ಕೇ ಇದೆಲ್ಲ. ಆದರೆ ಅಣ್ಣನಿಗೆ ಒಂದು ಕ್ರಮವಿತ್ತು. ಹತ್ತು ಗುಂಡಿ ತೋಡುವುದಿದ್ದರೆ ಅತಿ ಚೊಕ್ಕವಾಗಿ ಕಾಣುವ ಜಾಗದಿಂದ ಶುರುಮಾಡಬೇಕು, ಅತಿ ಗಲೀಜಿನದು ಕೊನೆಗೆ. ಉಲ್ಟಾ ಮಾಡಿದರೆ ಗಲೀಜು ಸಲಕರಣೆಗೆ ಅಂಟಿಕೊಂಡು ಚೊಕ್ಕ ಗುಂಡಿಗೂ ಹೋಗುತ್ತದೆ. ಅವರು ಪೇಪರನ್ನೂ ಹಾಗೇ ಓದುತ್ತಿದ್ದರು. ಹಿಂದಿನ ಪುಟದ ಕ್ರಿಕೆಟ್ಟು ಮೊದಲು, ಮುಖಪುಟದ ರಾಜಕೀಯ ಕೊನೆಗೆ. ನಾನೂ ಆ ಕ್ರಮದಲ್ಲೇ ಹೇಳುತ್ತೇನೆ.

ಮೊದಲ ದಿನ ಅವರಿಂದ ಬೈಸಿಕೊಂಡೆ. ಆಗ ನಮ್ಮ ಕಚೇರಿ ಪೀಣ್ಯದಲ್ಲಿ ಒಂದು ಲೇತ್ ಅಂಗಡಿಯ ಮೇಲೆ ಎರಡು ಕೋಣೆ. ದಿನವೆಲ್ಲ ಕೆಳಗೆ ಕಬ್ಬಿಣ ಕಿರುಗುಟ್ಟುತ್ತಿದ್ದರೆ ಮೇಲೆ ನಮ್ಮ ಮೇಜು ನಡುಗುತ್ತಿತ್ತು. ನಾನು ಹೊಸ ಎಂಜಿನಿಯರು, ಎಲ್ಲ ಗೊತ್ತು ಅನ್ನುವ ವಯಸ್ಸು. ಮೊದಲ ಗುಂಡಿಯ ಮಣ್ಣು ಮೇಲೆ ಬಂದಾಗ ಒಂದು ಹಿಡಿ ಎತ್ತಿ ಮೂಗಿನ ಹತ್ತಿರ ತಂದೆ. ಹೊಸಬರೆಲ್ಲ ಮಾಡುವ ತಪ್ಪು ಅದು. ಅಣ್ಣ ನನ್ನ ಮೊಣಕೈಯನ್ನು ಪಟ್ಟೆಂದು ಹೊಡೆದರು. ಮಣ್ಣು ಚೆಲ್ಲಿತು.

"ಏನ್ ಮೇಡಂ, ಮಲ್ಲಿಗೆ ಹೂವಾ ಅದು? ಮೂಗು ನಿಮ್ಮವ್ವ ಕೊಟ್ಟಿದ್ದು, ಕಂಪ್ನಿ ಕೊಟ್ಟಿದ್ದಲ್ಲ. ಮೂಸಕ್ಕೇ ಅಂತ ಮೀಟರ್ ಇಟ್ಟವ್ರೆ, ಅದು ಮೂಸಲಿ."

ನನಗೆ ಸಿಟ್ಟು ಬೇಗ. ಕೂಲಿಯವರ ಎದುರಿಗೆ ಹೀಗಾಯಿತಲ್ಲ ಅಂತ ಮುಖ ಊದಿಸಿಕೊಂಡು ಮಧ್ಯಾಹ್ನದವರೆಗೂ ಮಾತಾಡಲಿಲ್ಲ. ಅವರು ತಮ್ಮ ಪಾಡಿಗೆ ಕೆಲಸ ಮಾಡಿದರು. ಊಟದ ಹೊತ್ತಿಗೆ ತಮ್ಮ ಡಬ್ಬಿಯ ಮುಚ್ಚಳದಲ್ಲಿ ಒಂದು ಮುದ್ದೆ ಇಟ್ಟು ನನ್ನ ಕಡೆ ತಳ್ಳಿದರು. ಬಸ್ಸಾರು ಸೀದಿತ್ತು. ಬಾಯಿಗಿಟ್ಟ ಕೂಡಲೇ ಗೊತ್ತಾಯಿತು, ಆದರೆ ಅವರು ಸಲೀಸಾಗಿ ಉಣ್ಣುತ್ತಿದ್ದರು.

"ಸೀದಿದೆ ಅಣ್ಣ."

"ಹೌದಾ? ನಮ್ಮನೇವ್ಳು ಯೋಳ್ಲೇ ಇಲ್ಲ ನೋಡಿ" ಅಂದು ನಕ್ಕರು. ಅವರಿಗೆ ವಾಸನೆ ಅನ್ನುವುದೇ ಗೊತ್ತಾಗುತ್ತಿರಲಿಲ್ಲ.

ಆ ಕಥೆ ಗೊತ್ತಾದದ್ದು ತಿಂಗಳುಗಳ ಮೇಲೆ, ಹೆಬ್ಬಾಳದ ಮೇಲ್ಸೇತುವೆಯ ಮೇಲೆ. ವೈಟ್‌ಫೀಲ್ಡಿನಿಂದ ಬಾಟಲಿಗಳನ್ನು ತರುವಾಗ ಜೀಪು ಒಂದೂವರೆ ಗಂಟೆ ಅಲ್ಲಾಡಲಿಲ್ಲ. ಮುಂದೆ ಬಸ್ಸು, ಹಿಂದೆ ಸಿಮೆಂಟ್ ಲಾರಿ, ಬಾಗಿಲು ತೆರೆಯಲೂ ಜಾಗವಿಲ್ಲ. ನಡುವೆ ನಮ್ಮ ಐಸ್ ಪೆಟ್ಟಿಗೆ ಕರಗುತ್ತಿತ್ತು. ಮಣ್ಣು ಬಿಸಿಯಾದರೆ ಅದರಲ್ಲಿರುವ ಆವಿ ಹಾರಿಹೋಗುತ್ತದೆ, ಆಮೇಲೆ ಲ್ಯಾಬಿನವರು ಏನೂ ಇಲ್ಲ ಅಂದರೆ ಅದು ಸುಳ್ಳು. ಅಣ್ಣ ಹೇಗೋ ನುಸುಳಿ ಇಳಿದು ಹೋದವರು ಅರ್ಧ ಗಂಟೆಗೆ ಒಂದು ಚೀಲ ಐಸ್ ಹೊತ್ತು ಬಂದರು. ಮೀನಿನ ಅಂಗಡಿಯದು! ಜೀಪೆಲ್ಲ ನಾತ. ನಾನೂ ಡ್ರೈವರೂ ದುಪಟ್ಟಾ, ಕರ್ಚೀಫು ಅಂತ ಒದ್ದಾಡುತ್ತಿದ್ದರೆ ಅಣ್ಣ ಪೆಟ್ಟಿಗೆ ತಬ್ಬಿಕೊಂಡು ಹಾಯಾಗಿ ಕೂತಿದ್ದರು.

"ಅಣ್ಣ, ನಿಜವಾಗ್ಲೂ ನಿಮಗೆ ಏನೂ ಬರ್ತಿಲ್ವಾ?"

ಆಗ ಹೇಳಿದರು. ಪೀಣ್ಯ ಕಾರ್ಖಾನೆಗಳ ಊರಾಗುವ ಮೊದಲು ಅಲ್ಲಿ ಅವರ ಅಪ್ಪನಿಗೆ ರಾಗಿ ಹೊಲವಿತ್ತು. ಹೊಲ ಹೋಗಿ ಶೆಡ್ಡು ಬಂತು. ಹದಿನೆಂಟಕ್ಕೆ ಅಣ್ಣ ಅದೇ ಸಾಲಿನ ಒಂದು ಪ್ಲೇಟಿಂಗ್ ಶೆಡ್ಡಿಗೆ ಸೇರಿದರು. ಸೈಕಲ್ ಹ್ಯಾಂಡಲ್ಲು, ನಲ್ಲಿ ಇತ್ಯಾದಿಗಳನ್ನು ತೊಟ್ಟಿಗೆ ಅದ್ದಿ ಥಳಥಳ ಮಾಡುವ ಕೆಲಸ. ತೊಟ್ಟಿಯಿಂದ ಹಳದಿ ಹೊಗೆ ಏಳುತ್ತಿತ್ತು. "ನಮ್ಮಪ್ಪನ ಹೊಲದಾಗೇ ಕೂಲಿಗೆ ನಿಂತೆ ಮೇಡಂ. ಐದ್ ವರ್ಷ. ಒಂದಿನ ಸೀನಿದ್ರೆ ಮೂಗಲ್ಲಿ ರಕ್ತ. ಡಾಕ್ಟ್ರು ಬ್ಯಾಟ್ರಿ ಬಿಟ್ ನೋಡಿ, ಎರಡು ಹೊಳ್ಳೆ ಮಧ್ಯದ ಗೋಡೆ ತೂತಾಗೈತೆ ಕಣಯ್ಯಾ ಅಂದ್ರು. ಆವತ್ತಿಂದ ಮಲ್ಲಿಗೇನೂ ಒಂದೇ, ಮೀನೂ ಒಂದೇ."

ಡ್ರೈವರು ಮೂಗಿನ ಮೇಲಿದ್ದ ಕರ್ಚೀಫು ಇಳಿಸಿದ. ಮುಂದಿನ ಬಸ್ಸು ಇನ್ನೂ ಅಲ್ಲಾಡಿರಲಿಲ್ಲ.

ಅವರ ಕೈ ನೋಡಬೇಕಿತ್ತು ನೀವು. ಬೆಳಿಗ್ಗೆ ಸೈಟಿಗೆ ಬಂದ ಕೂಡಲೇ ಮೀಟರನ್ನು ಮಾತಾಡಿಸುವುದು ಮೊದಲ ಕೆಲಸ. ಆ ಮೀಟರು ಗಾಳಿಯಲ್ಲಿ ರಾಸಾಯನಿಕದ ಆವಿ ಇದ್ದರೆ ಅಂಕಿ ತೋರಿಸುತ್ತದೆ. ಅಣ್ಣ ದಪ್ಪ ಮಾರ್ಕರ್ ಪೆನ್ನಿನ ಮುಚ್ಚಳ ತೆಗೆದು ಅದರ ಮೂತಿಯ ಮುಂದೆ ಆಡಿಸುವರು. ಅಂಕಿ ಎದ್ದರೆ, "ಎದ್ಯೇನಪ್ಪಾ? ಮುಖ ತೊಳ್ಕೋ, ಕೆಲ್ಸ ಐತೆ" ಅನ್ನುವರು. ಆಮೇಲೆ ಮೂರು ಬಕೆಟ್ಟು ಸಾಲಾಗಿ: ಸೋಪಿನ ನೀರು, ನಲ್ಲಿ ನೀರು, ಬಟ್ಟಿ ಇಳಿಸಿದ ನೀರು. ನಾವು ಆಗರ್ ಅನ್ನುವುದನ್ನು ಅವರು ಬೈರಿಗೆ ಅನ್ನುತ್ತಿದ್ದರು. ಎರಡು ಕೈಯಲ್ಲಿ ಹಿಡಿದು ತಿರುಗಿಸಿ ನೆಲಕ್ಕಿಳಿಸುವ ಕಬ್ಬಿಣದ ಸಲಕರಣೆ. ಪ್ರತಿ ಗುಂಡಿಗೂ ಮೊದಲು ಅದಕ್ಕೆ ಮೂರು ಸ್ನಾನ, ತಮ್ಮ ಕೈಗೆ ಹೊಸ ಗ್ಲೌಸು. ಮಣ್ಣನ್ನು ಪ್ಲಾಸ್ಟಿಕ್ ಚೀಲಕ್ಕೆ ಅರ್ಧ ತುಂಬಿ, ಬಾಯಿ ಬಿಗಿದು, ಹಿಸುಕಿ, ಬಿಸಿಲಿಗೆ ಹತ್ತು ನಿಮಿಷ ಇಡುವರು. ಆಮೇಲೆ ಸಣ್ಣ ತೂತು ಮಾಡಿ ಮೀಟರಿನ ಮೂತಿ ತೂರಿಸಿ ಅಂಕಿ ನೋಡುವರು. ಆ ಹತ್ತು ನಿಮಿಷ ಯಾರಾದರೂ ಅವಸರ ಮಾಡಿದರೆ, "ಹೆರಿಗೆ ವಾರ್ಡಿನ ಹೊರ್ಗಡೆ ನಿಂತಿದೀರಾ? ಬರೋದು ಬತ್ತದೆ, ಕೂತ್ಕಳಿ" ಅನ್ನುವರು.

ಬೈರಿಗೆ ಕೆಲವು ಸಲ ಬಂಡೆಗೆ ತಾಗುತ್ತದೆ. ಆಗ ಗುಂಡಿಯನ್ನು ಎರಡು ಮೂರು ಅಡಿ ಪಕ್ಕಕ್ಕೆ ಸರಿಸಬಹುದು. ಸೈಟಿನ ಪುಸ್ತಕದಲ್ಲಿ 'ಬಂಡೆ ಸಿಕ್ಕಿತು, ಸರಿಸಲಾಗಿದೆ' ಅಂತ ಬರೆದರೆ ಸಾಕು. ಅಣ್ಣ ಮಾತ್ರ ಸುಲಭಕ್ಕೆ ಒಪ್ಪುತ್ತಿರಲಿಲ್ಲ. ಮೂರು ಸಲ ಎತ್ತಿ ಕುಟ್ಟಿ ನೋಡುವರು. "ಬಂಡೆ ಆದ್ರೆ ಮೊಣಕೈ ತಂಕ ಜುಮ್ ಅಂತದೆ ಮೇಡಂ. ಜುಮ್ ಅನ್ನದೆ ಬಂಡೆ ಅಂತ ಬರೀಬಾರ್ದು."

ಇನ್ನು ಪುಸ್ತಕ. ಸೈಟಿನಲ್ಲಿ ನಡೆದದ್ದನ್ನೆಲ್ಲ ಅಲ್ಲೇ, ಆಗಲೇ ಬರೆಯುವ ರಟ್ಟಿನ ಪುಸ್ತಕ ಅದು. ಪುಟಗಳಿಗೆ ಅಚ್ಚಿನ ಸಂಖ್ಯೆ ಇರುತ್ತದೆ. ಅಣ್ಣ ಕನ್ನಡದಲ್ಲಿ ಬರೆಯುತ್ತಿದ್ದರು, ದುಂಡಗೆ, ಏಳನೇ ಕ್ಲಾಸಿನ ಕಾಪಿ ಪುಸ್ತಕದ ಅಕ್ಷರ. ಅದಕ್ಕೆ ಅವರ ಶಾಸನಗಳಿದ್ದವು. ಪುಟ ಹರಿಯಕೂಡದು. ತಪ್ಪಾದರೆ ಒಂದೇ ಗೆರೆ ಎಳೆಯಬೇಕು, ಗೀಚಕೂಡದು, ವೈಟ್ನರ್ ಹಚ್ಚಕೂಡದು. ಗೆರೆಯ ಕೆಳಗಿರುವುದು ಓದಲು ಬರಬೇಕು, ಪಕ್ಕದಲ್ಲಿ ಎಳೆದವರ ಕಿರುಸಹಿ ಇರಬೇಕು. ಬರೆಯಲು ಮರೆತದ್ದನ್ನು ಆಮೇಲೆ ಬರೆದರೆ ಬರೆದ ದಿನದ ತಾರೀಕನ್ನೇ ಹಾಕಬೇಕು, ಹಳೇ ತಾರೀಕು ಹಾಕಿ ನಾಟಕ ಆಡಕೂಡದು. ದಿನದ ಕೊನೆಗೆ ಪುಟದಲ್ಲಿ ಜಾಗ ಉಳಿದರೆ ಅಡ್ಡಲಾಗಿ ಮೂಲೆಯಿಂದ ಮೂಲೆಗೆ ಗೆರೆ ಹೊಡೆದು ಸಹಿ ಹಾಕಿ ಮುಚ್ಚಬೇಕು. ಆ ಗೆರೆಗೆ ಅವರು ಬೇಲಿ ಅನ್ನುತ್ತಿದ್ದರು.

"ಖಾಲಿ ಸೈಟ್ ಬಿಟ್ರೆ ಯಾವನಾದ್ರೂ ಬಂದು ಶೆಡ್ ಹಾಕ್ತಾನೋ ಇಲ್ವೋ? ಪುಟಾನೂ ಅಂಗೇ. ಬೇಲಿ ಹಾಕಿ ಮೇಡಂ, ಬೇಲಿ."

ಒಂದು ಸಲ ಎರಡು ಬೆರಳಷ್ಟು ಜಾಗ ಬಿಟ್ಟಿದ್ದಕ್ಕೆ ತುಮಕೂರು ರಸ್ತೆಯಿಂದ ನನ್ನನ್ನು ವಾಪಸ್ ಕರೆಸಿ ಬೇಲಿ ಹಾಕಿಸಿದ್ದರು. ಬಸ್ಸು ತಪ್ಪಿತು ಅಂತ ದಾರಿಯುದ್ದಕ್ಕೂ ಬೈದುಕೊಂಡು ಹೋದೆ. ಪುಣ್ಯಾತ್ಮ, ತಲೆ ತಿಂತಾನೆ ಅಂತ.

ಹೀಗೆಲ್ಲ ಹೇಳಿದರೆ ದೇವರಂಥ ಮನುಷ್ಯ ಅಂದುಕೊಳ್ಳುತ್ತೀರಿ. ಹಾಗೇನಿಲ್ಲ. ಒಂದು ಯುಗಾದಿಗೆ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಪೀಣ್ಯದ ಒಳಗಡೆ, ಹಳೇ ಊರಿನ ಓಣಿ. ಅಪ್ಪ ಉಳಿಸಿಕೊಂಡಿದ್ದ ಒಂದು ತುಂಡು ಜಾಗದಲ್ಲಿ ಮುಂದೆ ಮನೆ, ಹಿಂದೆ ಆರು ಬಾಡಿಗೆ ಕೋಣೆಗಳು. ಅದರಲ್ಲಿ ರಾಯಚೂರು, ಯಾದಗಿರಿ ಕಡೆಯ ಸಂಸಾರಗಳು. ಹಿತ್ತಿಲಲ್ಲಿ ಬಸಳೆ, ಕರಿಬೇವು, ದೊಡ್ಡಪತ್ರೆ ಎಲ್ಲವನ್ನೂ ಪೇಂಟಿನ ಡ್ರಮ್ಮುಗಳಲ್ಲಿ ಬೆಳೆಸಿದ್ದರು. ನೆಲದಲ್ಲಿ ಒಂದು ಗಿಡವೂ ಇರಲಿಲ್ಲ.

"ಇಷ್ಟು ಜಾಗ ಇಟ್ಕೊಂಡು ಡ್ರಮ್ ಯಾಕೆ?" ಅಂದೆ.

ಅವರ ಹೆಂಡತಿ, ಅಕ್ಕ ಅನ್ನುತ್ತಿದ್ದೆ ಅವರನ್ನು, ಒಬ್ಬಟ್ಟು ಬಡಿಸುತ್ತಾ, "ಏನೋ ಕಣವ್ವ, ಇವ್ರು ಬಿಡಲ್ಲ. ಮಾಗಡಿ ಕಡೆಯಿಂದ ಟ್ರ್ಯಾಕ್ಟ್ರಲ್ಲಿ ಮಣ್ಣು ತರ್ಸಿದ್ರು. ಯಾಕೆ ಅಂದ್ರೆ ಯೋಳಲ್ಲ" ಅಂದರು.

ಅಕ್ಕ ಒಳಗೆ ಹೋದ ಮೇಲೆ ಕೇಳಿದೆ. "ಅಣ್ಣ, ಇಲ್ಲಿ ಒಂದು ಗುಂಡಿ ತೋಡಿ ನೋಡಿದೀರಾ?"

ತಲೆ ಅಲ್ಲಾಡಿಸಿದರು. ತಟ್ಟೆಯಿಂದ ಕಣ್ಣು ಎತ್ತಲಿಲ್ಲ. "ನೋಡಿಬುಟ್ರೆ ಇರಕ್ಕೂ ಆಗಲ್ಲ, ಬುಟ್ಟೋಗಕ್ಕೂ ಆಗಲ್ಲ ಮೇಡಂ. ಎಲ್ಲಿಗೋಗನ? ಆ ಆರು ಮನೆಯೋರ್ಗೆ ಏನಂತ ಯೋಳನ?" ಒಬ್ಬಟ್ಟು ಮುರಿಯುತ್ತಾ, "ಊರೋರ ಮನೆ ಗುಂಡಿ ಎಲ್ಲಾ ತೋಡ್ದೆ. ನಮ್ಮನೇದು ತೋಡಕ್ಕೆ ಕೈ ಬರ್ಲಿಲ್ಲ" ಅಂದರು.

ಆ ಹೊತ್ತು ನನಗೆ ಅವರ ಮೇಲೆ ಸಿಟ್ಟು ಬಂದಿತ್ತು. ಇಷ್ಟು ತಿಳಿದವರು ಹೀಗೆ ಕಣ್ಣು ಮುಚ್ಚಿಕೊಂಡು ಕೂರುವುದೇ ಅಂತ. ಮನಸ್ಸಿನಲ್ಲೇ ತೀರ್ಪು ಕೊಟ್ಟು ಎದ್ದು ಬಂದೆ. ಇಪ್ಪತ್ತಾರು ವರ್ಷದವರಿಗೆ ತೀರ್ಪು ಕೊಡುವುದು ಸುಲಭ.

ಇನ್ನು ಉಳಿದದ್ದು ಕೊನೆಯ ಗುಂಡಿ.

ಹೂಡಿ ಹಿಂದಿನ ಆ ಜಾಗವೂ ಒಂದು ಕಾಲಕ್ಕೆ ಪ್ಲೇಟಿಂಗ್ ಕಾರ್ಖಾನೆ. ಎಂಟು ಗುಂಡಿ ತೋಡಬೇಕಿತ್ತು. ಹಳೇ ತೊಟ್ಟಿಯ ಪಕ್ಕದ ಹಿಂದಿನ ಮೂಲೆಯದು ಎಂಟನೆಯದು, ಕೊನೆಗೆ ಇಟ್ಟುಕೊಂಡಿದ್ದೆವು. ನಾನೇ ಸೈಟಿನ ಉಸ್ತುವಾರಿ, ಮೊದಲ ಸಲ. ಏಳು ಗುಂಡಿ ಸಲೀಸಾಗಿ ಮುಗಿದವು. ಎಂಟನೆಯದರಲ್ಲಿ ಮೂರಡಿಗೆ ಬೈರಿಗೆ ಮೇಲೆ ಬಂದಾಗ ತಿರುಗಿಸುತ್ತಿದ್ದ ಯಾದಗಿರಿಯ ಕೆಲಸಗಾರ ಬೆಚ್ಚಿ, "ಸರ, ಮಣ್ಣ ಹಳದಿ ಐತ್ ನೋಡ್ರಿ" ಅಂದ.

ನಿಜಕ್ಕೂ ಹಳದಿ. ಅರಿಶಿನಕ್ಕೆ ಸ್ವಲ್ಪ ಹಸಿರು ಕಲೆಸಿದ ಹಾಗೆ. ಅಣ್ಣ ಚೀಲಕ್ಕೆ ತುಂಬಿ ಬಿಸಿಲಿಗಿಟ್ಟರು, ಹತ್ತು ನಿಮಿಷ ಕಾದರು. ಮೀಟರಿನ ಮೂತಿ ತೂರಿಸಿದರೆ ಅಂಕಿ ಏರಿತು, ಏರುತ್ತಲೇ ಹೋಯಿತು. ಅಣ್ಣ ಬಾಟಲಿ ತುಂಬಿ ಚೀಟಿ ಅಂಟಿಸಿ ಪುಸ್ತಕದಲ್ಲಿ ಬರೆದರು. ನಾನು ಮ್ಯಾನೇಜರಿಗೆ ಫೋನ್ ಮಾಡಿದೆ.

"ನೋಡಮ್ಮ," ಅಂದರು ಅವರು, ದನಿ ತಣ್ಣಗಿತ್ತು. "ಆ ಮೂಲೆ ಮೇಲೆ ಬಿಲ್ಡಿಂಗ್ ಬರಲ್ಲ, ಬರೀ ಗಾರ್ಡನ್. ಅದೊಂದು ಗುಂಡಿಯಿಂದ ಪ್ರಾಜೆಕ್ಟ್ ನಿಂತ್ರೆ ನಮ್ಮನ್ನ ಮತ್ತೆ ಯಾರೂ ಕರೆಯಲ್ಲ. ಬಂಡೆ ಸಿಕ್ತು ಅಂತ ಬರ್ದು ಗುಂಡೀನ ಗೇಟ್ ಹತ್ರ ಶಿಫ್ಟ್ ಮಾಡು."

"ಸಾರ್, ಬಂಡೆ ಸಿಕ್ಕಿಲ್ಲ. ಮತ್ತೆ ಗೇಟು ಅಲ್ಲಿಂದ ಎಷ್ಟು ದೂರ..."

"ಸೈಟ್ ಇನ್‌ಚಾರ್ಜ್ ಯಾರು? ನೀನು ತಾನೆ. ಡಿಸಿಷನ್ ನಿಂದು. ನಾನೇನೂ ಹೇಳಿಲ್ಲ." ಫೋನ್ ಇಟ್ಟರು.

ಹೆದರಿದೆ. ಅದಕ್ಕೆ ಬೇರೆ ಬಣ್ಣ ಕಟ್ಟುವುದಿಲ್ಲ. ಸುತ್ತ ತಗಡಿನ ಬೇಲಿ, ಒಂದೇ ಗೇಟು, ಗೇಟಿನಲ್ಲಿ ಬಿಲ್ಡರ್ ಕಡೆಯ ಇಬ್ಬರು ಕುರ್ಚಿ ಹಾಕಿಕೊಂಡು ಕೂತು ನಮ್ಮನ್ನೇ ನೋಡುತ್ತಿದ್ದರು. ಅಣ್ಣನ ಹತ್ತಿರ ಹೋಗಿ, "ಬಂಡೆ ಸಿಕ್ತು ಅಂತ ಬರೀರಿ ಅಣ್ಣ" ಅಂದೆ. 

"ಸಿಕ್ಲಿಲ್ವಲ್ಲ ಮೇಡಂ."

"ನಂಗೂ ಗೊತ್ತು. ಬರೀರಿ."

"ನನ್ನ ಮೊಣಕೈ ಜುಮ್ ಅನ್ಲಿಲ್ಲ. ನಾನು ಬರ್ಯಲ್ಲ."

ಜಗಳವಾಡಲಿಲ್ಲ, ದನಿ ಏರಿಸಲಿಲ್ಲ. ಪುಸ್ತಕವನ್ನೂ ಪೆನ್ನನ್ನೂ ನನ್ನ ಕೈಗಿಟ್ಟು ಪಕ್ಕಕ್ಕೆ ನಿಂತರು. ನಾನು ಪುಟ ಹರಿಯಲು ಹೋದೆ. ಆಗ ಮಾತ್ರ ನನ್ನ ಕೈ ಹಿಡಿದರು. "ಹರೀಬೇಡಿ. ಬರಿಯೋದಾದ್ರೆ ಬರೀರಿ, ನಾನ್ ಬ್ಯಾಡ ಅನ್ನಾಕಿಲ್ಲ. ಒಂದೇ ಗೆರೆ ಎಳೀರಿ. ಕೆಳಗಿಂದು ಓದಕ್ಕೆ ಬರ್ಬೇಕು."

ಗೆರೆ ಎಳೆದೆ. ಕಿರುಸಹಿ ಹಾಕಿದೆ. ಕೆಳಗೆ ಇಂಗ್ಲಿಷಿನಲ್ಲಿ ಬಂಡೆ ಸಿಕ್ಕಿತು, ಗೇಟಿನ ಬಳಿಗೆ ಸರಿಸಲಾಗಿದೆ ಅಂತ ಬರೆದೆ. ಎಂಟನೇ ಬಾಟಲಿಯ ಮಣ್ಣನ್ನು ನನ್ನ ಕೈಯಾರೆ ಗುಂಡಿಗೆ ಸುರಿದು ಕಾಲಿನಿಂದ ಮುಚ್ಚಿದೆ. ಗೇಟಿನ ಬಳಿ ಒಳ್ಳೇ ಕೆಂಪು ಮಣ್ಣು ಬಂತು, ಕುಂಕುಮದಷ್ಟು ಚೊಕ್ಕ. ಅದನ್ನೂ ಅಣ್ಣನೇ ತುಂಬಿದರು, ಹೊಸ ಗ್ಲೌಸು ಹಾಕಿಕೊಂಡು, ಬೈರಿಗೆಗೆ ಮೂರು ಸ್ನಾನ ಮಾಡಿಸಿ.

ವರದಿಗೆ ನಾನು ಸಹಿ ಹಾಕಿದೆ. ಮುಂದಿನ ವರ್ಷ ನನಗೆ ಬಡ್ತಿಯಾಯಿತು. ಅಣ್ಣನನ್ನು ಸೈಟಿಗೆ ಕಳಿಸುವುದು ನಿಂತಿತು. ವಯಸ್ಸಾಯಿತು, ಸ್ಟೋರ್ ನೋಡಿಕೊಳ್ಳಲಿ ಅಂದರು. ನಿವೃತ್ತಿಯವರೆಗೆ ಕಿಟಕಿಯಿಲ್ಲದ ಕೋಣೆಯಲ್ಲಿ ಬಾಟಲಿ ತೊಳೆದು ಎಣಿಸಿ ಜೋಡಿಸಿದರು. ನಾನು ಬಾಗಿಲಲ್ಲಿ ಹಾದು ಹೋದಾಗಲೆಲ್ಲ ಅದೇ ಮಾತು, "ಊಟ ಆಯ್ತಾ ಮೇಡಂ?" ಒಂದು ದಿನವೂ ಎಂಟನೇ ಗುಂಡಿಯ ಮಾತೆತ್ತಲಿಲ್ಲ. ಒಂದು ಸಲ ಬೈದಿದ್ದರೂ ನಾನು ಬದುಕಿಕೊಳ್ಳುತ್ತಿದ್ದೆ.

ಅವರು ಸ್ಟೋರಿನಲ್ಲಿದ್ದಾಗಲೇ ಕಚೇರಿ ಕುಂದಲಹಳ್ಳಿಯ ಗಾಜಿನ ಕಟ್ಟಡಕ್ಕೆ ಬಂತು. ಕಿಟಕಿ ತೆರೆಯುವುದಿಲ್ಲ, ಕಾರ್ಡು ಉಜ್ಜದೆ ಬಾಗಿಲೂ ತೆರೆಯುವುದಿಲ್ಲ. ನನಗೆ ಅಲ್ಲೊಂದು ಕೋಣೆ, ಬಾಗಿಲ ಮೇಲೆ ಹೆಸರು. ಇನ್ನೆಷ್ಟೋ ವರದಿಗೆ ಸಹಿ ಹಾಕಿದೆ, ಅವೆಲ್ಲ ನಿಜವೇ. ಆದರೆ ಪ್ರತಿ ಸಹಿಯೂ ಆ ಮೊದಲ ಸಹಿಯ ಮೇಲೆ ನಿಂತಿತ್ತು. ಅದನ್ನು ಎಳೆದರೆ ಎಲ್ಲ ಕುಸಿಯುತ್ತವೆ ಅಂತ ಗೊತ್ತಿತ್ತು, ಅದಕ್ಕೇ ಎಳೆಯಲಿಲ್ಲ. ಸಂಘದವರ ಇಮೇಲ್ ಬಂದಾಗ ಅದನ್ನು ಮ್ಯಾನೇಜರಿಗೆ ತೋರಿಸಿದೆ. ಈಗ ಅವರು ಇನ್ನೂ ಮೇಲಿನ ಹುದ್ದೆಯಲ್ಲಿದ್ದಾರೆ.

"ಎಸ್ ಅಂತ ಕಳ್ಸಿ ಮುಗ್ಸಮ್ಮ," ಅಂದರು. "ಬೇರೆ ಏನಾದ್ರೂ ಬರೆದ್ರೆ ಮೊದ್ಲು ಆಚೆ ಬರೋದು ನಿನ್ನ ಸಹಿ, ನಂದಲ್ಲ. ನಂದು ಎಲ್ಲೂ ಇಲ್ಲ, ಹುಡುಕ್ಕೋ."

ಹುಡುಕುವುದೇ ಬೇಕಿರಲಿಲ್ಲ. ಕಚೇರಿ ಬದಲಾಯಿಸುವಾಗ ಹಳೇ ಪುಸ್ತಕಗಳನ್ನೆಲ್ಲ ರದ್ದಿಗೆ ಹಾಕಿದ್ದರು. ನನ್ನ ಮಾತಿಗೆ ಆಧಾರವೇ ಇಲ್ಲ. 'ತೊಂದರೆಯಿಲ್ಲ' ಅಂತ ದಿನಕ್ಕೆ ಹತ್ತು ಸಲ ಟೈಪು ಮಾಡಿ ಹತ್ತು ಸಲ ಅಳಿಸಿದೆ. ಅಂಗಡಿಯಲ್ಲಿ ಮಕ್ಕಳ ಪ್ಲಾಸ್ಟಿಕ್ ಗುದ್ದಲಿ ಕಂಡರೂ ಕೊಳ್ಳಲು ಹೋದದ್ದನ್ನು ಬಿಟ್ಟು ಆಚೆ ಬರುತ್ತಿದ್ದೆ.

ಅಣ್ಣನ ತಿಥಿ ಶುಕ್ರವಾರ. ಜನರ ನಡುವೆ ಅಕ್ಕನ ಮುಖ ನೋಡುವ ಧೈರ್ಯವಿಲ್ಲದೆ ಶನಿವಾರ ಮಧ್ಯಾಹ್ನ ಹೋದೆ. ಮರುದಿನ ಅಗೆತ. ಹಿತ್ತಿಲಲ್ಲಿ ಡ್ರಮ್ಮುಗಳು ಹಾಗೇ ಇದ್ದವು, ಬಸಳೆ ಗೋಡೆ ಹತ್ತಿತ್ತು. ಅಕ್ಕ ಕಾಫಿ ಕೊಟ್ಟು, ಬೀರುವಿನಿಂದ ಒಂದು ಪ್ಯಾಕೆಟ್ ತಂದು ಮಡಿಲಿಗಿಟ್ಟರು. ಮಣ್ಣು ತುಂಬುವ ಅದೇ ಪ್ಲಾಸ್ಟಿಕ್ ಚೀಲ, ಬಾಯಿ ಬಿಗಿದಿತ್ತು. ಒಳಗೆ ರಟ್ಟಿನ ಪುಸ್ತಕ.

"ರದ್ದಿಗೆ ಹಾಕಿದ್ರಂತೆ, ಅದರೊಳಗಿಂದ ಇದೊಂದು ಎತ್ಕಂಡ್ ಬಂದಿದ್ರು. ಮೇಡಂ ಬಂದ್ರೆ ಕೊಡು ಅಂದಿದ್ರು ಕಣವ್ವ. ನೀನೇ ಕರ್ದು ಕೊಡಬ್ಯಾಡ, ಅವ್ರೇ ಬರ್ಬೇಕು ಅಂದ್ರು. ವರ್ಷಾವರ್ಷ ಆಯುಧಪೂಜೆಗೆ ತೆಗ್ದು ಪೂಜೆಗಿಡೋರು, ಒಂದ್ ಪುಟ ನೋಡೋರು, ಮತ್ತೆ ಒಳಗಿಡೋರು."

ಯಾವ ಪುಟ ಅಂತ ಕೇಳಬೇಕಾಗಿರಲಿಲ್ಲ, ಪುಸ್ತಕ ತಾನಾಗಿ ಅಲ್ಲೇ ತೆರೆದುಕೊಂಡಿತು. ಅವರ ದುಂಡಕ್ಷರ, ಅದರ ಮೇಲೆ ನನ್ನ ಗೆರೆ, ಪಕ್ಕದಲ್ಲಿ ನನ್ನ ಕಿರುಸಹಿ, ಕೆಳಗೆ ನನ್ನ ಇಂಗ್ಲಿಷ್ ಸುಳ್ಳು. ಅದರ ಕೆಳಗೆ ಅರ್ಧ ಪುಟ ಖಾಲಿ.

ಬೇಲಿ ಇರಲಿಲ್ಲ.

ಹಿಂದಿನ ಪುಟ ತಿರುವಿದೆ, ಬೇಲಿ ಇತ್ತು. ಮುಂದಿನದರಲ್ಲೂ ಇತ್ತು. ಮೊದಲಿಂದ ಕೊನೆಯವರೆಗೆ ಒಂದೊಂದೇ ಪುಟ ನೋಡಿದೆ. ಎರಡು ಬೆರಳಷ್ಟು ಜಾಗ ಉಳಿದಲ್ಲೂ ಅಡ್ಡಗೆರೆ, ಸಹಿ, ಚುಕ್ಕೆ. ಇದೊಂದು ಪುಟ ಮಾತ್ರ ತೆರೆದಿತ್ತು. ಬಸ್ಸು ತಪ್ಪಿಸಿ ನನ್ನನ್ನು ವಾಪಸ್ ಕರೆಸಿದ ಮನುಷ್ಯ ಇದನ್ನು ಮರೆತಿರಲಿಕ್ಕೆ ಸಾಧ್ಯವೇ ಇಲ್ಲ. ಏಳು ವರ್ಷ ನನಗಾಗಿ ಜಾಗ ಬಿಟ್ಟಿದ್ದರು.

ಅತ್ತೆ. ತಮ್ಮ ಗಂಡನಿಗಾಗಿ ಅಳುತ್ತಿದ್ದೇನೆ ಅಂದುಕೊಂಡು ಅಕ್ಕ ಬೆನ್ನು ಸವರಿದರು. ಅದೂ ಸುಳ್ಳಲ್ಲ.

"ಅಕ್ಕ, ಒಂದು ಪೆನ್ನು ಕೊಡ್ತೀರಾ?"

ಆ ದಿನದ ತಾರೀಕು ಹಾಕಿದೆ, ಹಳೇ ತಾರೀಕಲ್ಲ. ಕನ್ನಡದಲ್ಲೇ ಬರೆದೆ: 'ಎಂಟನೇ ಗುಂಡಿಯಲ್ಲಿ ಬಂಡೆ ಸಿಗಲಿಲ್ಲ. ಸಿಕ್ಕಿತು ಎಂದು ಬರೆದವಳು ನಾನು. ಬಾಟಲಿಯ ಮಣ್ಣನ್ನು ಸುರಿದು ಗೇಟಿನ ಬಳಿಯ ಮಣ್ಣು ತುಂಬಿಸಿದವಳೂ ನಾನು.' ಉಳಿದ ಜಾಗಕ್ಕೆ ಮೂಲೆಯಿಂದ ಮೂಲೆಗೆ ಬೇಲಿ ಹಾಕಿದೆ. ಕಿರುಸಹಿ ಹಾಕಲಿಲ್ಲ, ಪೂರ್ತಿ ಹೆಸರು ಬರೆದೆ. ಪುಟದ ಫೋಟೋ ತೆಗೆದು ಕಾರ್ಯದರ್ಶಿಗೆ ಕಳಿಸಿ, ಕೆಳಗೆ 'ಅಗೆಯಬೇಡಿ' ಅಂತ ಸೇರಿಸಿದೆ.

ಎರಡು ನಿಮಿಷದಲ್ಲಿ ಫೋನ್ ಬಂತು. ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು.

"ಮೇಡಂ, ಏನಿದು? ನಂಗೇನೂ ಅರ್ಥ ಆಗ್ತಿಲ್ಲ. ವರದೀಲೂ ನಿಮ್ ಸಹಿ ಇದೆ, ಇದ್ರಲ್ಲೂ ನಿಮ್ ಸಹಿ ಇದೆ. ನಾನು ಯಾವುದನ್ನ ನಂಬ್ಲಿ?"

"ಎರಡೂ ನಂದೇ," ಅಂದೆ. "ನನ್ನದನ್ನ ಬಿಡಿ. ಮೇಲ್ಗಡೆ ಒಂದು ಗೆರೆ ಇದೆ ನೋಡಿ. ಅದರ ಕೆಳಗಿರೋದನ್ನ ಓದಿ. ಅದು ಅವರು ಬರೆದಿದ್ದು. ಓದಕ್ಕೆ ಬರುತ್ತಾ?"

ಮಕ್ಕಳ ಗಲಾಟೆ ದೂರ ಸರಿಯಿತು. ಚಿತ್ರವನ್ನು ದೊಡ್ಡದು ಮಾಡಿಕೊಳ್ಳುತ್ತಿದ್ದರು ಅಂತ ಕಾಣುತ್ತದೆ.

"ಬರುತ್ತೆ," ಅಂದು ಆಕೆ ನಿಧಾನವಾಗಿ ಓದತೊಡಗಿದರು. "ಗುಂಡಿ ಎಂಟು. ಮೂರಡಿ. ಮಣ್ಣು ಹಳದಿ. ಬಂಡೆ ಇಲ್ಲ."